ಬುರ್ಖಾ ನೋಡಿದ ಮೇಲೆ ರೂಮ್ ಇಲ್ಲ ಅಂತಾರೆ

ತೊರವಿ ದಾರಿ: ವಿಜಯಪುರದಲ್ಲಿ ಎಂ.ಎ. ಓದುತ್ತಿದ್ದೇನೆ. ಹಾಸ್ಟೆಲ್ ಸಿಗಲಿಲ್ಲ. ಮೂರು ವಾರದಿಂದ ಬಾಡಿಗೆ ರೂಮ್ ಹುಡುಕುತ್ತಿದ್ದೇನೆ. ಫೋನಿನಲ್ಲಿ 'ಬಾ ತಂಗಿ, ನೋಡು' ಅಂತಾರೆ. ಬುರ್ಖಾದಲ್ಲಿ ಹೋಗಿ ನಿಂತರೆ ರೂಮ್ ಆಗಲೇ ಬೇರೆಯವರಿಗೆ ಹೋಗಿರುತ್ತದೆ. ಮೊನ್ನೆ ವಾಪಸ್ ಬರುವಾಗ ಬೈಕಿನಲ್ಲಿದ್ದ ಇಬ್ಬರು ನಮ್ಮ ಧರ್ಮ ಹಿಡಿದು ಬೈದು, ಬುರ್ಖಾ ಎಳೆದು ಹೋದರು. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಓದು ಬಿಡಿಸುತ್ತಾರೆ.

ಜಮಖಂಡಿ ಓದುಗ: ಓದಿ ಬೇಜಾರಾಯ್ತು. ಆದರೂ ಚುಡಾಯಿಸುವವರು ಯಾರನ್ನೂ ಬಿಡೋದಿಲ್ಲ. ನನ್ನ ತಂಗಿಗೂ ಬಸ್ಸಿನಲ್ಲಿ ಆಗಿದೆ. ಇದರಲ್ಲಿ ಧರ್ಮ ಯಾಕೆ ತರಬೇಕು?

ಇಳಕಲ್ ಅಕ್ಕ: ತಮ್ಮಾ, ಧರ್ಮ ಹಿಡಿದು ಬೈದದ್ದು ಬೈಕಿನವರು. 2021ರ ಜುಲೈನಲ್ಲಿ 'ಸುಲ್ಲಿ ಡೀಲ್ಸ್', 2022ರ ಜನವರಿ 1ಕ್ಕೆ 'ಬುಲ್ಲಿ ಬಾಯಿ' ಅಂತ ಆ್ಯಪ್ ಮಾಡಿದರು. ಎರಡೂ ಮುಸ್ಲಿಂ ಹೆಣ್ಮಕ್ಕಳನ್ನು ಹೀಯಾಳಿಸುವ ಹೆಸರು. ಪತ್ರಕರ್ತೆಯರು, ಹೋರಾಟಗಾರ್ತಿಯರ ಫೋಟೊ ಹಾಕಿ ಹರಾಜಿಗಿಟ್ಟರು. ಹುಡುಕಿ ಹುಡುಕಿ ಮುಸ್ಲಿಮರನ್ನೇ ಆರಿಸಿದ್ದರು. ನಿನ್ನ ತಂಗಿಗಾದದ್ದೂ ಅನ್ಯಾಯವೇ. ಆದರೆ ಬಸ್ ಇಳಿದ ಮೇಲೆ ಅವಳು ಹೆದರದೆ ಹೆಸರು ಹೇಳಿ ರೂಮ್ ಕೇಳಬಹುದು, ಅಲ್ವಾ?

ಬಾಗೇವಾಡಿ: ಓದು ಬಿಡಿಸೋದು ಅವರ ಮನೆಯವರೇ. ಅದನ್ನೂ ಕೇಳಬೇಕಲ್ಲ?

ತೊರವಿ ದಾರಿ: ಕೇಳಿ. ನಾನೂ ಅಪ್ಪನ ಹತ್ತಿರ ಜಗಳ ಆಡಿಯೇ ಇಲ್ಲಿಗೆ ಬಂದವಳು. 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆ ಆದಾಗ ಚಿಕ್ಕಪ್ಪನ ಮಗಳು ಪಿಯುಸಿ ಬಿಟ್ಟಳು. ಮಾರ್ಚ್ 15ಕ್ಕೆ ಹೈಕೋರ್ಟ್, ತರಗತಿಗೆ ಸಮವಸ್ತ್ರದಲ್ಲೇ ಬರಬೇಕೆಂಬ ಸರ್ಕಾರದ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಅಷ್ಟರಲ್ಲಿ ಅವಳ ಮದುವೆಯೇ ಆಗಿತ್ತು. ಹೊರಗೆ ಇಂಥದ್ದು ನಡೆದಾಗಲೆಲ್ಲ ಮನೆಯಲ್ಲಿ 'ನಾವು ಹೇಳಿರಲಿಲ್ಲವಾ' ಅಂತಾರೆ. ಆಗ ನನ್ನ ಬಾಯಿ ಕಟ್ಟಿಹೋಗುತ್ತದೆ.

ವಕೀಲೆ: ಬುರ್ಖಾ ಎಳೆದದ್ದು ಸುಮ್ನೆ ಬಿಡುವ ವಿಷಯವಲ್ಲ. ಭಾರತೀಯ ನ್ಯಾಯ ಸಂಹಿತೆ 74ರಲ್ಲಿ ಒಂದರಿಂದ ಐದು ವರ್ಷ ಜೈಲು ಇದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಗೆ ದುಡ್ಡಿಲ್ಲ. ಬೈಕ್ ನಂಬರ್ ನೆನಪಿಲ್ಲದಿದ್ದರೂ ಹೋಗಿ, ದಾರಿಯ ಅಂಗಡಿಗಳ ಕ್ಯಾಮೆರಾ ನೋಡಿಸೋಣ. ರೂಮ್ ಕೊಡದವರ ಮೇಲೆ ಹಾಕಲು ಮಾತ್ರ ನೇರ ಕಾನೂನಿಲ್ಲ. ಅದು ನನಗೆ ತುಂಬಾ ಸಂಕಟದ ಮಾತು.

ಜಮಖಂಡಿ ಓದುಗ: ಇದನ್ನೆಲ್ಲ ತಂಗಿಗೆ ಓದಿ ಹೇಳಿದೆ. ಅವಳೂ ವಿಜಯಪುರದಲ್ಲೇ ಇದ್ದಾಳೆ. ರೂಮಿನಲ್ಲಿ ಒಬ್ಬರಿಗೆ ಜಾಗ ಇದೆಯಂತೆ. ನಿಮ್ಮ ಪೂರ್ತಿ ಹೆಸರು ಹೇಳಿಯೇ ಮಾಲೀಕರನ್ನು ಕೇಳುತ್ತಾಳೆ. ಸಂಜೆ ತಿಳಿಸುತ್ತೇನೆ.

ತೊರವಿ ದಾರಿ: ಕೇಳಲಿ ಅಣ್ಣಾ, ಕಾಯುತ್ತಿರುತ್ತೇನೆ. ವಕೀಲರೇ, ಠಾಣೆಗೆ ಒಬ್ಬಳೇ ಹೋಗಲು ಧೈರ್ಯ ಬರ್ತಿಲ್ಲ.

ವಕೀಲೆ: ನಾಳೆ ಹತ್ತಕ್ಕೆ ಗಾಂಧಿ ಚೌಕಕ್ಕೆ ಬಾರಮ್ಮ. ನಾನು ಅಲ್ಲೇ ಇರುತ್ತೇನೆ.