ಕಾಂಗ್ ಚಾನ್-ಯೋಂಗ್ ಸ್ಥಾನ ಬದಲಿಸಿದ್ದು ಸೋತೋ, ಲೆಕ್ಕ ಹಾಕಿಯೋ?

ಪ್ರಶ್ನೆ: ಕಬ್ಬಿನಗದ್ದೆ, ಮಂಡ್ಯ

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮ ಲೀಗ್ ಆಫ್ ಲೆಜೆಂಡ್ಸ್ ಎಂಬ, ತಂಡ ತಂಡವಾಗಿ ಆಡುವ ಕಂಪ್ಯೂಟರ್ ಆಟ ಆಡುತ್ತಾನೆ. ಅವನ ಕೈ ನಿಧಾನವಾಯಿತೆಂದು ಗೆಳೆಯರು ಅವನನ್ನು ಮಿಡ್ (ನಕ್ಷೆಯ ನಡುದಾರಿ) ಸ್ಥಾನದಿಂದ ತೆಗೆದು ಜಂಗಲ್‌ಗೆ (ದಾರಿಗಳ ನಡುವಿನ ಕಾಡಿಗೆ) ಹಾಕಿದ್ದಾರೆ. ಅಂದಿನಿಂದ ಮುಖ ಊದಿಸಿಕೊಂಡಿದ್ದಾನೆ. 'ಆಂಬಿಷನ್' ಎಂಬ ಹೆಸರಿನಲ್ಲಿ ಆಡಿ ನಿವೃತ್ತರಾದ ಕೊರಿಯಾದ ಕಾಂಗ್ ಚಾನ್-ಯೋಂಗ್ ಕೂಡ ಹೀಗೆಯೇ ಸ್ಥಾನ ಬದಲಿಸಿದವರೆಂದು ಕೇಳಿದ್ದೇನೆ. ಅವರಿಗೆ ಅದು ಹಿಂಬಡ್ತಿಯಾಗಿತ್ತೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹಳೇಮೌಸ್, ಸರಸ್ವತಿಪುರಂ

ಮೊದಲು ನೋಡುವವರಿಗೆ ಹಿಂಬಡ್ತಿಯೆಂದೇ ಕಾಣುತ್ತದೆ. ಕಾಂಗ್ 2012ರಲ್ಲಿ ಬ್ಲೇಜ್ ತಂಡದ ಮಿಡ್ ಆಟಗಾರರಾಗಿ ಕೊರಿಯಾದ ಚಾಂಪಿಯನ್ಸ್ ಪಂದ್ಯಾವಳಿಯನ್ನು ಗೆದ್ದವರು. ಮರುವರ್ಷ ಏಪ್ರಿಲ್‌ನಲ್ಲಿ, ಆಗಷ್ಟೇ ವೃತ್ತಿಗೆ ಕಾಲಿಟ್ಟಿದ್ದ ಎಸ್‌ಕೆಟಿ ತಂಡದ ಮಿಡ್ ಆಟಗಾರ ಫೇಕರ್ ತಮ್ಮ ಚೊಚ್ಚಲ ಪಂದ್ಯದಲ್ಲಿಯೇ ಇವರ ಪಾತ್ರವನ್ನು ಒಬ್ಬರೇ ಎದುರಿಸಿ ಕೊಂದರು, ಆ ತುಣುಕು ಇಂದಿಗೂ ಓಡಾಡುತ್ತಿದೆ. ಆದರೆ ಬ್ಲೇಜ್‌ನಲ್ಲಿದ್ದಷ್ಟು ಕಾಲವೂ ಅವರಿಗೆ ವಿಶ್ವಕಪ್ ಸಿಗಲಿಲ್ಲ. 2015ರ ಹೊತ್ತಿಗೆ ಅವರು ಜಂಗಲ್‌ಗೆ ಬಂದರು.

ತಮ್ಮನಿಗೆ ಹೇಳಬೇಕಾದ ಮಾತು ಇದು. ಮಿಡ್‌ನಲ್ಲಿ ಎದುರಿಗಿರುವವನು ಕಣ್ಣೆದುರೇ ಇರುತ್ತಾನೆ, ಕೈ ವೇಗವಿದ್ದವನಿಗೆ ಗೆಲುವು. ಜಂಗಲ್‌ನಲ್ಲಿ ಎದುರಾಳಿ ಕಾಣುವುದೇ ಇಲ್ಲ. ಅವನು ಈಗ ಯಾವ ಮೃಗವನ್ನು ಕೊಲ್ಲುತ್ತಿರಬಹುದು, ಡ್ರ್ಯಾಗನ್ ಹುಟ್ಟುವ ಹೊತ್ತಿಗೆ ಎಲ್ಲಿರುತ್ತಾನೆ ಎಂದು ನಕ್ಷೆಯ ಕತ್ತಲೆಯನ್ನು ನೋಡಿಕೊಂಡೇ ಊಹಿಸಬೇಕು. ಮೂರು ವರ್ಷ ಮಿಡ್ ಆಡಿದವನಿಗೆ ಮಿಡ್ ಆಟಗಾರ ಯಾವಾಗ ಮೈಮರೆಯುತ್ತಾನೆಂಬುದು ಗೊತ್ತಿರುತ್ತದೆ. ಸ್ಯಾಮ್‌ಸಂಗ್ ತಂಡ ಸೇರಿದ ಮೇಲೆ ಕಾಂಗ್ ಅವರ ಆಟ ಹೀಗೆಯೇ ಇತ್ತು: ಅಬ್ಬರವಿಲ್ಲದೆ ಕಾದು, ಎದುರಾಳಿ ತಪ್ಪು ಮಾಡಿದ ಕ್ಷಣ ಹಿಡಿಯುವುದು. 2016ರಲ್ಲಿ ಅರ್ಹತಾ ಪಂದ್ಯದಲ್ಲಿ ಕೆಟಿ ತಂಡವನ್ನು 3–2ರಿಂದ ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ಪಿಗೆ ಹೋದರು. ಫೈನಲ್‌ನಲ್ಲಿ ಎಸ್‌ಕೆಟಿಗೆ 2–3ರಿಂದ ಸೋತರು. 2017ರ ನವೆಂಬರ್‌ನಲ್ಲಿ ಬೀಜಿಂಗ್‌ನ ಹಕ್ಕಿಗೂಡು ಕ್ರೀಡಾಂಗಣದಲ್ಲಿ, ಅದೇ ಫೇಕರ್ ಇದ್ದ ಅದೇ ಎಸ್‌ಕೆಟಿಯನ್ನು 3–0ರಿಂದ ಗೆದ್ದರು. ಆಗ ಅವರಿಗೆ 25 ವರ್ಷ.

ಉತ್ತರ 2: ಚಾಮುಂಡಿತಪ್ಪಲು, ಮೈಸೂರು

ಹಳೇಮೌಸ್ ಅವರ ವಿವರಣೆ ಸೊಗಸಾಗಿದೆ, ಆದರೆ ಆ ಫೈನಲ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂದದ್ದು ಕಾಂಗ್ ಅವರ ತಂಡದವರೇ ಆದ ರೂಲರ್‌ಗೆ. ಮೂರನೆಯ ಆಟದಲ್ಲಿ ರೂಲರ್ ಒಮ್ಮೆಲೇ ಮುಂದಕ್ಕೆ ಜಿಗಿದು ಫೇಕರ್‌ರನ್ನು ಕಟ್ಟಿಹಾಕಿದ್ದರಿಂದಲೇ ಪಂದ್ಯ ಮುಗಿಯಿತು. ಸೋತ ಬಳಿಕ ಫೇಕರ್ ಕುರ್ಚಿಯಲ್ಲೇ ತಲೆ ತಗ್ಗಿಸಿ ಅತ್ತದ್ದು ನನಗೆ ಕಪ್ಪಿಗಿಂತ ಹೆಚ್ಚು ನೆನಪಿದೆ. ಗೆಲುವನ್ನೆಲ್ಲ ಕಾಂಗ್ ಒಬ್ಬರ ಖಾತೆಗೆ ಬರೆಯುವುದು ಸರಿಯಲ್ಲ.

ಹಳೇಮೌಸ್:

ಒಪ್ಪಿದೆ ಸರ್. ಆದರೆ ರೂಲರ್‌ಗೆ ಜಿಗಿಯಲು ಧೈರ್ಯ ಬರುವಂತೆ ಆಟವನ್ನು ಅಷ್ಟು ಹೊತ್ತು ಹಿಡಿದಿಟ್ಟ ಕೆಲಸ ಪ್ರಶಸ್ತಿಯ ಪಟ್ಟಿಯಲ್ಲಿ ಬರುವುದಿಲ್ಲ. ಜಂಗಲ್‌ನ ಕಷ್ಟವೇ ಅದು.

ಕಬ್ಬಿನಗದ್ದೆ:

ಇಬ್ಬರಿಗೂ ಧನ್ಯವಾದ. ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. "ಕಾಂಗ್‌ಗೆ ಮೂರು ವರ್ಷ ಟೈಮ್ ಸಿಕ್ತು ಕಣಕ್ಕ, ನನಗೆ ಈ ಶನಿವಾರ ಮ್ಯಾಚ್ ಇದೆ" ಎಂದ. ಆದರೂ ರಾತ್ರಿ ಹನ್ನೊಂದಕ್ಕೆ ಕಾಂಗ್ ಅವರ ಹಳೆಯ ಪಂದ್ಯಗಳ ಲಿಂಕ್ ಕೇಳಿದ್ದಾನೆ.