‘ಗೊತ್ತಾಯಿತು’ ಎನ್ನಲು ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ?

ಪ್ರಶ್ನೆ:
ಮಾನ್ಯರೇ, ‘ಸಭೆ ಮುಂದಕ್ಕೆ ಹೋಗಿರುವ ವಿಷಯ ನಿನ್ನೆ ಗೊತ್ತಾಯಿತು’ ಎಂಬುದನ್ನು ಕಚೇರಿಯ ಪತ್ರವೊಂದರಲ್ಲಿ ‘ಐ ಕೇಮ್ ಟು ನೋ’ ಎಂದು ಬರೆದಿದ್ದೆ. ಲಂಡನ್ನಿನ ಸಹೋದ್ಯೋಗಿಯೊಬ್ಬರು ಅದನ್ನು ಹೊಡೆದುಹಾಕಿ ‘ಐ ಲರ್ನ್ಡ್’ ಎಂದು ತಿದ್ದಿದರು. ಲರ್ನ್ ಎಂದರೆ ಕಲಿಯುವುದು ಎಂದೇ ಶಾಲೆಯಲ್ಲಿ ಓದಿದ ನನಗೆ, ಸುದ್ದಿಯನ್ನು ‘ಕಲಿಯುವುದು’ ಹೇಗೆಂಬುದು ಅರ್ಥವಾಗಲಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಅವರು ತಿದ್ದಿದ್ದು ಸರಿಯಾಗಿದೆ. ಲರ್ನ್ ಎಂಬುದು ವಿದ್ಯೆಯ ವಿಷಯದಲ್ಲಿ ‘ಕಲಿ’, ಸುದ್ದಿಯ ವಿಷಯದಲ್ಲಿ ‘ತಿಳಿದುಬರು’. ‘ಕಮ್ ಟು ನೋ’ ಎಂಬುದನ್ನು ಬ್ರಿಟನ್ನಿನವರು ಹೆಚ್ಚಾಗಿ ಬಹುಕಾಲದ ಒಡನಾಟದಿಂದ ಮೂಡಿದ ಅರಿವಿಗೆ ಬಳಸುತ್ತಾರೆ. ನಾವೋ, ‘ನನಗೆ ಗೊತ್ತಾಯಿತು’ ಎಂಬ ನಮ್ಮ ಮಾತಿನ ಅಚ್ಚಿನಲ್ಲೇ ಅದನ್ನು ಎರಕ ಹೊಯ್ದು, ಆಗತಾನೆ ಕಿವಿಗೆ ಬಿದ್ದ ಸುದ್ದಿಗೂ ಬಳಸುತ್ತೇವೆ. ಕನ್ನಡದಲ್ಲಿ ವಿಷಯ ತಾನಾಗಿ ‘ನನಗೆ’ ಬಂದು ಸೇರುತ್ತದೆ, ಇಂಗ್ಲಿಷಿನಲ್ಲಿ ‘ನಾನು’ ಕರ್ತೃವಾಗಲೇಬೇಕು. ತೊಡಕಿನ ಬೇರು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ನೀವೇ ನಾಲ್ಕು ಕಡೆ ವಿಚಾರಿಸಿ ತಿಳಿದುಕೊಂಡಿದ್ದರೆ ‘ಫೌಂಡ್ ಔಟ್’ ಇನ್ನೂ ಚೆನ್ನಾಗಿ ಒಪ್ಪುತ್ತಿತ್ತು.

ಉತ್ತರ 2:
ಸ್ಟಡಿ ಪದವನ್ನೂ ಇಲ್ಲಿ ಸೇರಿಸಬೇಕು. ಅದರ ಲ್ಯಾಟಿನ್ ಮೂಲವಾದ ‘ಸ್ಟುಡಿಯಂ’ಗೆ ಶ್ರದ್ಧೆ, ಆಸಕ್ತಿ ಎಂಬ ಅರ್ಥಗಳಿವೆ. ಸ್ಟಡಿ ಶ್ರಮವನ್ನು ಹೇಳುತ್ತದೆ, ಲರ್ನ್ ಫಲವನ್ನು ಹೇಳುತ್ತದೆ. ಆದ್ದರಿಂದಲೇ ‘ಮೂರು ವರ್ಷ ಜರ್ಮನ್ ಸ್ಟಡಿ ಮಾಡಿದರೂ ಏನನ್ನೂ ಲರ್ನ್ ಮಾಡಲಿಲ್ಲ’ ಎನ್ನುವುದು ಸಹಜವಾದ ಮಾತು. ನನ್ನ ತಂಗಿಯ ಮಗಳು ‘ಐ ಸ್ಟಡೀಡ್ ಸ್ವಿಮ್ಮಿಂಗ್’ ಎಂದು ಬರೆದಾಗ ನಾನು ಹೀಗೆ ಹೇಳಿಕೊಟ್ಟೆ: ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗಿಳಿದು, ನೀರು ಕುಡಿದು, ಕೊನೆಗೊಂದು ದಿನ ಬುರುಡೆ ಬಿಚ್ಚಿ ತೇಲಿದ ನಿನ್ನ ಅಜ್ಜ ಈಜನ್ನು ಲರ್ನ್ ಮಾಡಿದವರು, ದಡದಲ್ಲಿ ಕುಳಿತು ಈಜುಗಾರರ ಕೈಕಾಲುಗಳ ಚಲನೆಯನ್ನು ಪರಿಶೀಲಿಸಿ ಬರೆದುಕೊಳ್ಳುವವರು ಅದನ್ನು ಸ್ಟಡಿ ಮಾಡುವವರು. ನಮ್ಮ ‘ಓದು’ ಪದದಲ್ಲಿ ರೀಡ್, ಸ್ಟಡಿ ಎರಡೂ ಅಡಗಿರುವುದರಿಂದ ಅನುವಾದಿಸುವಾಗ ಅಲ್ಲಿಯೂ ಎಚ್ಚರ ಬೇಕು.

ಉತ್ತರ 3:
ಡಿಸ್ಕವರ್ ಮತ್ತು ರಿಯಲೈಸ್ ಪದಗಳಿಗೆ ಒಂದು ನಿದರ್ಶನ: 1781ರಲ್ಲಿ ಯುರೇನಸ್ಸನ್ನು ಡಿಸ್ಕವರ್ ಮಾಡಿದ ವಿಲಿಯಂ ಹರ್ಷೆಲ್ ಅದನ್ನು ಮೊದಲು ಧೂಮಕೇತು ಎಂದೇ ಭಾವಿಸಿದ್ದರು. ಅದು ಗ್ರಹವೆಂಬುದನ್ನು ಖಗೋಳ ವಿಜ್ಞಾನಿಗಳು ರಿಯಲೈಸ್ ಮಾಡಿದ್ದು ಅದರ ಕಕ್ಷೆಯನ್ನು ಲೆಕ್ಕಹಾಕಿದ ಮೇಲೆ. ಕಣ್ಣಿಗೆ ಬಿದ್ದದ್ದು ಮೊದಲು, ಮನಸ್ಸಿಗೆ ಹೊಳೆದದ್ದು ಆಮೇಲೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಸಭೆಯ ವಿಷಯವನ್ನು ನಾನು ವಿಚಾರಿಸಿರಲಿಲ್ಲ, ಇನ್ನೊಬ್ಬರು ಹೇಳಿದ್ದರು. ಹಾಗಾಗಿ ‘ಐ ಲರ್ನ್ಡ್’ ಎಂಬುದನ್ನೇ ಉಳಿಸಿಕೊಂಡು ಪತ್ರವನ್ನು ಕಳುಹಿಸಿದ್ದೇನೆ.