ಸಕ್ಕರೆ ಕಾರ್ಖಾನೆಗೆ ಉಪಗ್ರಹ ಚಿತ್ರ: ಹಣ ಹಾಕುವ ಮೊದಲು ಏನು ಕೇಳಬೇಕು?

ಘಟಪ್ರಭಾ ದಂಡೆ (ಪ್ರಶ್ನೆ):
ಮುಧೋಳ ಸೀಮೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬು ವಿಭಾಗದಲ್ಲಿದ್ದೇನೆ. ಹಂಗಾಮಿನ ಕೊನೆಗೆ ಪ್ರತಿ ವರ್ಷ ಒಂದೇ ಸಂಕಟ: ಇನ್ನೂ ಎಷ್ಟು ಕಬ್ಬು ನಿಂತಿದೆ ಎಂಬ ಲೆಕ್ಕ ನೋಂದಣಿಗೂ ಹೊಲಕ್ಕೂ ತಾಳೆಯಾಗುವುದಿಲ್ಲ. ಕೆಲವರು ಬೇರೆ ಕಾರ್ಖಾನೆಗೆ ಕಳಿಸಿರುತ್ತಾರೆ, ಕೆಲವರು ಬೆಲ್ಲಕ್ಕೆ, ಕೆಲವರು ಬೀಜಕ್ಕೆ. ಈಗ ಒಂದು ಕಂಪನಿಯವರು ಬಂದು ವಿಸ್ತೀರ್ಣ, ಇಳುವರಿ, ಸಕ್ಕರೆ ಅಂಶ, ರೋಗ ಎಲ್ಲವನ್ನೂ ಉಪಗ್ರಹದಿಂದಲೇ ಹೇಳುತ್ತೇವೆ ಎಂದು ಬಣ್ಣದ ನಕ್ಷೆ ತೋರಿಸಿ ಹೋದರು. ಆಡಳಿತ ಮಂಡಳಿ ನನ್ನ ಅಭಿಪ್ರಾಯ ಕೇಳಿದೆ. ನಮ್ಮಲ್ಲಿ ಈ ವಿದ್ಯೆ ಬಲ್ಲವರಿಲ್ಲ.

ನಕ್ಷೆಗಾರ:
ಕಬ್ಬು ಮತ್ತು ದ್ರಾಕ್ಷಿ ಬೆಳೆಯ ನಕ್ಷೆಗಳ ಮೇಲೆ ಕೆಲಸ ಮಾಡುವವನು ನಾನು. ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ನಿಮಗೆ ಬೇಕಿರುವುದು ಒಂದೇ ಮಾಹಿತಿ: ಯಾವ ಹೊಲ ಕಟಾವಾಗಿದೆ, ಯಾವುದು ನಿಂತಿದೆ. ಅದಕ್ಕೆ ಮಾತ್ರ ಹಣ ಕೊಡಿ.

ಇದು ಉಪಗ್ರಹ ಚೆನ್ನಾಗಿ ಮಾಡುವ ಕೆಲಸವೂ ಹೌದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಯಾರಿಗೂ ಉಚಿತ. ಸುಮಾರು 5 ದಿನಕ್ಕೊಮ್ಮೆ ಸಿಗುತ್ತವೆ. ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಎಕರೆಗೆ ನಲವತ್ತು ಚುಕ್ಕೆ! ಕಟಾವಿನ ಕಾಲದಲ್ಲಿ ನಿಮ್ಮ ಕಡೆ ಆಕಾಶ ಬಹುಪಾಲು ತಿಳಿಯಾಗಿಯೇ ಇರುತ್ತದೆ. ಆದರೆ ಕಂಪನಿಯವರು ತಿಂಗಳಿಗೊಮ್ಮೆ ನಕ್ಷೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಕಡಿದ ಬುಡದಿಂದ ಕೂಳೆ ಚಿಗುರಿ ಕೆಲವೇ ವಾರಗಳಲ್ಲಿ ಹೊಲ ಮತ್ತೆ ಹಸಿರಾಗುತ್ತದೆ, ಕಟಾವಿನ ಗುರುತೇ ತಪ್ಪಿಹೋಗುತ್ತದೆ.

ಸಕ್ಕರೆ ಅಂಶದ ಮಾತನ್ನು ನಾನು ನಂಬುವುದಿಲ್ಲ. ಸಕ್ಕರೆ ಇರುವುದು ಜಲ್ಲೆಯಲ್ಲಿ, ಉಪಗ್ರಹಕ್ಕೆ ಕಾಣುವುದು ಎಲೆ. ಎಲೆ ದಟ್ಟವಾಗಿ ನೆಲ ಮುಚ್ಚಿದ ಮೇಲೆ ಹಸಿರು ಸೂಚ್ಯಂಕ (ಚಿತ್ರದಿಂದ ಲೆಕ್ಕ ಹಾಕುವ ಹಸಿರಿನ ಅಳತೆ) ಏರುವುದನ್ನೇ ನಿಲ್ಲಿಸುತ್ತದೆ. ಯಾವುದನ್ನು ಮೊದಲು ಕಡಿಯಬೇಕೆಂದು ನಾಟಿಯ ದಿನಾಂಕ, ತಳಿ ಮತ್ತು ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ನೋಡಿಯೇ ನಿರ್ಧರಿಸಿ.

ಕಂಪನಿಯನ್ನು ಪರೀಕ್ಷಿಸುವ ದಾರಿ ನಿಮ್ಮ ತೂಕದ ಮನೆಯಲ್ಲೇ ಇದೆ. ಕಳೆದ ಹಂಗಾಮಿನ ಕೆಲವು ಹೊಲಗಳ ಗಡಿಗಳನ್ನು ಮಾತ್ರ ಕೊಟ್ಟು, ಕಟಾವಾದ ದಿನಾಂಕ ಹೇಳಿ ಎನ್ನಿ. ಹಳೆಯ ಚಿತ್ರಗಳೆಲ್ಲ ಸಿಗುತ್ತವೆ. ಅವರ ಉತ್ತರವನ್ನು ತೂಕದ ಚೀಟಿಗಳ ಜೊತೆ ಹೋಲಿಸಿ. ಇದಕ್ಕೆ ಒಪ್ಪದವರನ್ನು ಮುಂದೆ ಕರೆಯಬೇಡಿ.

ನಿಜವಾದ ಖರ್ಚು ಚಿತ್ರದ್ದಲ್ಲ, ಗಡಿಯದು. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಹಿಸ್ಸೆ, ಒಂದರಲ್ಲಿ ಕಬ್ಬು, ಪಕ್ಕದಲ್ಲಿ ಗೋವಿನಜೋಳ. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಸರ್ವೆ ನಂಬರ್ ಹುಡುಕಲು ನೆರವಾಗುತ್ತದೆ, ಆದರೆ ಕಬ್ಬಿನ ಗಡಿಯನ್ನು ನಿಮ್ಮ ಸಿಬ್ಬಂದಿಯೇ ಮೊಬೈಲ್ ಹಿಡಿದು ಸುತ್ತಿ ಗುರುತಿಸಬೇಕು. ಆ ಗಡಿಗಳ ದತ್ತಾಂಶ ಕಾರ್ಖಾನೆಯ ಸ್ವತ್ತು ಎಂದು ಕರಾರಿನಲ್ಲಿ ಬರೆಸಿ. ನಾಳೆ ಕಂಪನಿ ಬದಲಾದರೂ ಅವು ನಿಮ್ಮಲ್ಲೇ ಉಳಿಯಬೇಕು.

ಸವಳು ನೆಲ:
ನಾನು ಕಬ್ಬು ಬೆಳೆಯುವವನು, ಜಮಖಂಡಿ ಕಡೆಯವನು. ನಕ್ಷೆ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಬೆಲ್ಲಕ್ಕೆ ಹಾಕಿದ ರೈತನನ್ನು ಹಿಡಿಯಲು ಮಾತ್ರ ಅದನ್ನು ಬಳಸಿದರೆ ಗಡಿ ಸುತ್ತಲು ಯಾರೂ ಹೊಲಕ್ಕೆ ಬಿಡುವುದಿಲ್ಲ. ನಮ್ಮಲ್ಲಿ ಅತಿಯಾಗಿ ನೀರುಣಿಸಿದ ಎಷ್ಟೋ ಹೊಲ ಉಪ್ಪೇರಿ, ನೀರು ಬಸಿಯದೆ ಸವಳು-ಜವಳು ಹಿಡಿದಿವೆ. ವರ್ಷವೂ ಒಂದೇ ಮೂಲೆ ಸೊರಗುವುದು ಆ ಚಿತ್ರಗಳಲ್ಲಿ ಕಾಣುವುದಾದರೆ ರೈತನಿಗೂ ತೋರಿಸಿ, ಬಸಿಗಾಲುವೆ ಎಲ್ಲಿ ತೆಗೆಯಬೇಕೆಂದು ಆತನಿಗೂ ತಿಳಿಯಲಿ.

ನಕ್ಷೆಗಾರ:
ಕಾಣುತ್ತದೆ. ಕಾರಣ ಸವಳೋ, ಬೇರು ತಿನ್ನುವ ಗೊಣ್ಣೆಹುಳುವೋ ಎಂಬುದನ್ನು ಮಣ್ಣು ಪರೀಕ್ಷಿಸಿ, ಬುಡ ಅಗೆದು ನೋಡಿಯೇ ಹೇಳಬೇಕು. ಇನ್ನೊಂದು ಮಾತು: 2019ರ ಆಗಸ್ಟ್‌ನಂತೆ ನೆರೆ ಬಂದಾಗ ಮೋಡದಿಂದ ಸೆಂಟಿನೆಲ್-2 ಕುರುಡಾಗುತ್ತದೆ. ಅದೇ ಸಾಲಿನ ಇನ್ನೊಂದು ಉಪಗ್ರಹ ಸೆಂಟಿನೆಲ್-1ರ ರೇಡಾರ್ ಮೋಡ ದಾಟಿ ನೋಡಬಲ್ಲದು. ಬಯಲಾಗಿ ನಿಂತ ನೀರು ಅದರಲ್ಲಿ ಕಪ್ಪಾಗಿ ಕಾಣುತ್ತದೆ. ಯಾರ ಹೊಲ ಮುಳುಗಿತ್ತು ಎಂದು ತೋರಿಸಲು ರೈತರಿಗೆ ಅದು ಆಧಾರವಾದೀತು. ಅದೂ ಉಚಿತ.

ಘಟಪ್ರಭಾ ದಂಡೆ:
ಇಬ್ಬರಿಗೂ ಧನ್ಯವಾದಗಳು. ಮಂಡಳಿಗೆ ಹೀಗೆ ಬರೆಯುತ್ತಿದ್ದೇನೆ: ಈ ವರ್ಷ ಕಬ್ಬು ಪ್ರದೇಶದ ಒಂದೇ ಭಾಗ, ಕಟಾವಿನ ಮಾಹಿತಿ ಮಾತ್ರ, ತೂಕದ ಚೀಟಿಯ ಪರೀಕ್ಷೆಯ ನಂತರವೇ ಕರಾರು. ಪ್ರತಿ ರೈತನಿಗೆ ಆತನ ಹೊಲದ ನಕ್ಷೆಯನ್ನು ಮೊಬೈಲಿಗೆ ಕಳಿಸಬೇಕೆಂಬ ಷರತ್ತನ್ನೂ ಸೇರಿಸಿದ್ದೇನೆ.